ಹಾಫಿಯಾ ಕೊಡದೆ ಉಳಿಸಿಕೊಂಡ ಕುಂಬಳಕಾಯಿ

ಕಾರ್ಪಾತಿಯನ್ ಬೆಟ್ಟದ ಬುಡದ ನಮ್ಮೂರಿನಲ್ಲಿ ಹಾಫಿಯಾಳ ಕಾಲಿನಷ್ಟು ನಡೆದ ಕಾಲು ಇನ್ನೊಂದಿಲ್ಲ. ರಷ್ಯಾದ ಗ್ಯಾಸು ನಮ್ಮ ಉಕ್ರೇನನ್ನು ಹಾದು, ಗಡಿಯಾಚೆಯ ಸ್ಲೊವಾಕಿಯಾಕ್ಕೆ ಹೋಗುವ ದೊಡ್ಡ ಕೊಳವೆ ನಮ್ಮ ಹೊಲಗಳ ಅಡಿಯಲ್ಲೇ ಮಲಗಿದೆ. ಗ್ಯಾಸು ಸೋರಿ ಹುಲ್ಲು ಹಳದಿ ತಿರುಗಿದೆಯೇ, ಕೊಚ್ಚೆಯಲ್ಲಿ ಗುಳ್ಳೆ ಏಳುತ್ತಿದೆಯೇ ಎಂದು ಅದರ ಮೇಲೆ ನಡೆದು ನೋಡುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅವನ ಕೋಲನ್ನೇ ಹಿಡಿದು ಹೊರಟವಳು. ಊರ ಕೆಳಗೆ ಅಷ್ಟು ಗ್ಯಾಸು ಹರಿದರೂ ನಮಗೆ ಒಂದು ಒಲೆ ಹೊತ್ತಿಸುವಷ್ಟು ದಕ್ಕಲಿಲ್ಲ. ನಾವು ಸೌದೆಯವರು.

ಹಳೇ ಪಂಚಾಂಗದ ಹೊಸವರ್ಷ, ಅಂದರೆ ಜನವರಿ ಹದಿನಾಲ್ಕರ ಬೆಳಿಗ್ಗೆ ಮನೆಯ ಹೊಸ್ತಿಲನ್ನು ಹೊರಗಿನಿಂದ ಮೊದಲು ದಾಟುವವನು ಗಂಡಸಾಗಿರಬೇಕು. ಹೆಂಗಸು ದಾಟಿದರೆ ವರ್ಷವಿಡೀ ಏಳಿಗೆಯಿಲ್ಲವೆಂದು ನಂಬಿಕೆ. “ಕೊಳವೆಗೆ ಹೊಸ್ತಿಲಿಲ್ಲ, ನಾನಲ್ಲೇ ನಡೀತೀನಿ” ಎಂದು ಹಾಫಿಯಾ ಆ ದಿನದ ಪಾಳಿಯನ್ನು ಕೇಳಿ ಪಡೆಯುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಆ ಬೆಳಿಗ್ಗೆ ಕೊಳವೆ ಖಾಲಿಯಿತ್ತು. ಬೆಲೆಗೂ ಬಾಕಿಗೂ ದೊಡ್ಡವರು ಜಗಳವಾಡಿ ವಾರವಾಗಿತ್ತು. ನೀವು ಕದ್ದಿರಿ ಎಂದು ರಷ್ಯಾದವರು, ನೀವೇ ನಿಲ್ಲಿಸಿದಿರಿ ಎಂದು ನಮ್ಮವರು. ಬಿಸಿ ಕೊಳವೆಯ ಮೇಲೆ ಹಿಮ ಕರಗಿ ಮೂಡುತ್ತಿದ್ದ ಕಪ್ಪು ಗೆರೆ ಕೂಡ ಮುಚ್ಚಿಹೋಗಿತ್ತು. ಆಚೆ ಸ್ಲೊವಾಕಿಯಾದಲ್ಲಿ ವೆಂದೆಲ್ ಎಂಬವನು ದುಡಿಯುತ್ತಿದ್ದ ಇಟ್ಟಿಗೆ ಕಾರ್ಖಾನೆಯ ಗೂಡು ಆರಿತ್ತು.

ಈ ವೆಂದೆಲ್ಲನ ಮಗ ಮಾತುಶ್‌ಗೇ ಹಾಫಿಯಾಳ ಮಗಳು ಯುಲ್ಯಾನಾಳನ್ನು ಕೇಳುವ ಮಾತಾಗಿತ್ತು. ಅಷ್ಟರಲ್ಲಿ ವೆಂದೆಲ್ಲನ ಫೋನು ಬಂತು: “ನಮ್ಮ ಗ್ಯಾಸ್ ನಿಲ್ಸಿದ ಕೊಳವೆ ಕಾಯೋರ ಮನೆ ಹೆಣ್ಣು ನಮಗೆ ಬ್ಯಾಡಮ್ಮ.”

ಯುಲ್ಯಾನಾ ಅತ್ತಳು. ನಮ್ಮಲ್ಲಿ ಹೆಣ್ಣು ಒಪ್ಪಿದರೆ ಕೇಳಲು ಬಂದವರ ಹೆಗಲಿಗೆ ಕಸೂತಿ ವಸ್ತ್ರ ಕಟ್ಟುತ್ತಾರೆ, ಒಲ್ಲೆಯಾದರೆ ಕೈಗೆ ಕುಂಬಳಕಾಯಿ ಕೊಟ್ಟು ಕಳಿಸುತ್ತಾರೆ. ಹಾಫಿಯಾ ಎರಡನ್ನೂ ಬಾಗಿಲ ಹಿಂದೆ ಇಡಿಸಿದಳು. “ಆ ಹುಡುಗ ಅಪ್ಪನ್ನ ಎಳ್ಕೊಂಡು ಬಂದೇ ಬರ್ತಾನೆ, ನೋಡ್ತಿರು.”

ಅವಳು ಪಾಳಿ ಮುಗಿಸಿ ಬಂದಾಗ ಬಾಗಿಲ ಮುಂದೆ ತಂದೆ ಮಗ ಹಿಮದಲ್ಲಿ ನಿಂತಿದ್ದರು.

“ಒಳಗೆ ಬನ್ನಿ ಬೀಗ್ರೆ.”

“ಇನ್ನೂ ಬೀಗ್ರಾಗಿಲ್ಲ. ಮೊದ್ಲು ಹೇಳಿ, ನಮ್ಮ ಗ್ಯಾಸ್ ಏನಾಯ್ತು? ಅಲ್ಲೀವರ್ಗೂ ನಾನು ಒಳಗೆ ಬರಲ್ಲ.”

“ಬರ್ಬೇಡಿ. ಗಂಡಸು ದಾಟದೆ ನಾನೂ ಒಳಗೆ ಹೋಗೋ ಹಾಗಿಲ್ಲ. ಇಬ್ರೂ ಇಲ್ಲೇ ಮಂಜುಗಡ್ಡೆ ಆಗೋಣ.” ಹಾಫಿಯಾ ಕೋಲನ್ನು ಅವನ ಕೈಗಿಟ್ಟಳು. “ಸುಮ್ನೆ ನಿಂತ್ಕೊಳ್ಳೋ ಬದ್ಲು ಹುಡುಕಿ. ಈ ಮನೆಗೆ ಒಂದೇ ಒಂದು ಗ್ಯಾಸ್ ಪೈಪ್ ತೋರ್ಸಿದ್ರೆ, ಮಗಳನ್ನ ಕೇಳೋ ಮಾತೇ ಬಿಟ್ಬಿಡಿ.”

ವೆಂದೆಲ್ ಹಟವಾದಿ. ಮನೆಯನ್ನು ಒಂದು ಸುತ್ತು ಬಂದ, ಗೋಡೆಬುಡದ ಹಿಮ ಕೆದಕಿದ. ಸೂರಿನವರೆಗೆ ಪೇರಿಸಿದ ಸೌದೆ, ಹೊಗೆಯಾಡುವ ಚಿಮಣಿ, ಗುರ್ರೆನ್ನುವ ನಾಯಿ ಬಿಟ್ಟರೆ ಏನೂ ಸಿಗಲಿಲ್ಲ.

“ಇಡೀ ಊರಿಗೇ ಇಲ್ವಾ?”

“ಇಲ್ಲ. ಗ್ಯಾಸ್ ಅನ್ನೋದು ಮದುವೆ ಮೆರವಣಿಗೆ ಇದ್ದ ಹಾಗೆ, ನಮ್ಮ ಬೀದೀಲಿ ಹೋಗುತ್ತೆ, ಊಟ ಮಾತ್ರ ನಿಮ್ಮೂರಲ್ಲಿ.”

ವೆಂದೆಲ್ಲನ ಮೀಸೆಯಡಿ ನಗು ಮಿಣುಕಿತು. ಹೊಸ್ತಿಲಿಗೆ ಕಾಲೆತ್ತಿದ. ಹಾಫಿಯಾ ತೋಳು ಅಡ್ಡ ಹಿಡಿದಳು.

“ನಿಲ್ಲಿ. ಈಗ ನನ್ನ ಸರದಿ. ನಾಳೆ ನಿಮ್ಮನೆ ಗ್ಯಾಸೂ ನಿಂತ್ರೆ ನನ್ನ ಮಗಳು ಯಾವ ಬೆಂಕಿ ಮುಂದೆ ಕೂರ್ಬೇಕು? ಸೌದೆ ಒಲೆ ಇದ್ಯಾ?”

ಹಿಂದೆ ನಿಂತ ಮಾತುಶ್, “ಗ್ಯಾಸ್ ಬಂದ ವರ್ಷ ಅಪ್ಪಾನೇ ಕೆಡವಿಸಿದ್ರು” ಎಂದುಬಿಟ್ಟ.

“ಯುಲ್ಯಾನಾ, ಕಾಯಿ ತಾ.”

ಮಗಳು ತಂದಳು, ಆದರೆ ಎದೆಗೆ ಅವುಚಿಕೊಂಡೇ ನಿಂತಳು.

“ಕೊಡ್ಬೇಡಮ್ಮ,” ಎಂದ ವೆಂದೆಲ್. “ನಾನು ಇಟ್ಟಿಗೆಯವನು. ಈಗ ಕೆಲಸಾನೂ ಇಲ್ಲ. ಮದ್ವೆ ಹೊತ್ತಿಗೆ ಒಲೆ ಕಟ್ಟಿರ್ತೀನಿ.”

“ರೊಟ್ಟಿ ಸುಡೋ ಅಷ್ಟು ದೊಡ್ದು?”

“ಚಳೀಲಿ ಬೀಗಿತ್ತಿ ಬಂದು ಅದ್ರ ಮೇಲೇ ಹಾಸ್ಕೊಂಡು ಮಲಗೋ ಅಷ್ಟು ದೊಡ್ದು.”

ಹಾಫಿಯಾ ತೋಳು ತೆಗೆದಳು. ಗಂಡುಕಾಲು ಹೊಸ್ತಿಲು ದಾಟಿತು. ಅದರ ಹಿಂದೆಯೇ ಅವಳು ಒಳಗೆ ಹೋಗಿ, ಕುಂಬಳಕಾಯಿಯನ್ನು ಹೋಳು ಮಾಡಿ ಅಂಬಲಿಗೆ ಹಾಕಿ ಒಲೆಗೇರಿಸಿದಳು. ಕೈಯಲ್ಲಿ ಹೊತ್ತು ವಾಪಸ್ಸಾಗಬೇಕಾಗಿದ್ದ ಆ ಕಾಯಿಯನ್ನು ವೆಂದೆಲ್, ಹೆಗಲಿಗೆ ಕಟ್ಟಿದ ವಸ್ತ್ರ ಬಟ್ಟಲಿಗೆ ತಾಗದಂತೆ ಹಿಂದಕ್ಕೆ ಸರಿಸಿಕೊಳ್ಳುತ್ತ, ಎರಡು ಸಲ ಬಡಿಸಿಕೊಂಡು ತಿಂದ.