ಹೊಳೆಗೆ ನೀರೆತ್ತಿದ ಇಂಜಿನಿಯರ್

ಕುಮಟಾದಲ್ಲಿ ನಾನು ಸೈಬರ್ ಸೆಂಟರ್ ನಡೆಸುತ್ತಿದ್ದಾಗ ಅಘನಾಶಿನಿ ಊರಿನ ಇಂಜಿನಿಯರ್ ಒಬ್ಬರು ದಿನಾ ಬಂದು ಕಂಪ್ಯೂಟರಿನಲ್ಲಿ ಕೋಟೆ ಕಟ್ಟುವ ಆಟ ಆಡುತ್ತಿದ್ದರು. ಅಂದು ಆ ಆಟದಲ್ಲಿ ಅವರ ಕೋಟೆಯೊಳಗೆ ಬಾಳುವ ಕುಳ್ಳರೆಲ್ಲ ಬಾಯಾರಿ ಸಾಯುತ್ತಿದ್ದರು. ಹೊಳೆಯಿಂದ ತೊಟ್ಟಿಗೆ ನೀರೆತ್ತಲು ಅವರು ಕೂರಿಸಿದ ಪಂಪು ತಿರುಗುತ್ತಲೇ ಇತ್ತು, ತೊಟ್ಟಿ ಮಾತ್ರ ಒಣಗಿತ್ತು.

“ನಿಮ್ಮ ಕಂಪ್ಯೂಟರೇ ಸರಿ ಇಲ್ಲ,” ಎಂದರು.

“ಪಂಪು ಎತ್ತ ಮುಖ ಮಾಡಿದೆ ನೋಡಿ,” ಎಂದೆ.

“ಅಕ್ಕಾ, ಇದು ಇಂಜಿನಿಯರಿಂಗ್. ನಿಮಗೆಂತ ಗೊತ್ತಾಗ್ತದೆ?”

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಆ ಆಟದ ಇಂಗ್ಲಿಷ್ ಸೂಚನೆಗಳನ್ನು ನಿಘಂಟು ಇಟ್ಟುಕೊಂಡು ಪೂರ್ತಿ ಓದಿದ್ದೆ. ಅವರು ಒಂದು ಪುಟವನ್ನೂ ಓದಿರಲಿಲ್ಲ. ಪಂಪು ತೊಟ್ಟಿಯ ನೀರನ್ನು ಎಳೆದು ಹೊಳೆಗೆ ಸುರಿದುಬಿಟ್ಟಿತ್ತು.

“ನಿಮ್ಮ ಮನೆಯ ಪಂಪು ಎಲ್ಲಿದೆ?” ಎಂದು ಕೇಳಿದೆ.

“ಹೊಳೆ ದಂಡೆಯ ಗಜನಿ ಗದ್ದೆಯಲ್ಲಿ. ಭರತದ ಹೊತ್ತಿಗೆ ನುಗ್ಗಿದ ಉಪ್ಪುನೀರನ್ನು ಹೊಳೆಗೆ ಎತ್ತಿಹಾಕಲಿಕ್ಕೆ...” ಎನ್ನುತ್ತ ಪರದೆಯತ್ತ ಬಾಗಿದರು; ಅಲ್ಲೂ ಪಂಪನ್ನು ಹೊಳೆಯ ಕಡೆಗೇ ಕೂರಿಸಿದ್ದರು.

ಪಂಪನ್ನು ಕಿತ್ತು ತಿರುಗಿಸಿ ಕಟ್ಟಿದರು. ತೊಟ್ಟಿ ತುಂಬಿತು, ಉಳಿದ ಕುಳ್ಳರು ಕುಡಿದರು. “ಆತು ನೋಡಿ!” ಎಂದು ಎಲ್ಲವೂ ತಮ್ಮದೇ ಸಾಧನೆ ಎಂಬಂತೆ ಕುರ್ಚಿಗೆ ಒರಗಿದರು. ಸ್ವಲ್ಪ ಹೊತ್ತಿಗೆ ತೊಟ್ಟಿ ಉಕ್ಕಿ ಕೋಟೆಯೊಳಗೇ ನೀರು ನುಗ್ಗಿತು.

ಪಂಪು ನಿಲ್ಲಿಸುವುದು ಹೇಗೆಂದು ಆ ಸೂಚನೆಗಳ ಮುಂದಿನ ಪುಟದಲ್ಲೇ ಇತ್ತು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.