ತಿದ್ದದೆ ಬಿಟ್ಟ ಒಂದು ಉತ್ತರ

ಬೋರೇಗೌಡರ ಹಾಳೆಯಲ್ಲಿ ‘ಇಚ್ಛೆಯಿಲ್ಲ’ ಎಂದು ಬರೆದವನು ನಾನು. ಅದು ಸುಳ್ಳೆಂದು ಅರ್ಧ ಗಂಟೆಯೊಳಗೇ ನನಗೆ ತಿಳಿಯಿತು. ತಿದ್ದುತ್ತೇನೆಂದು ಮಾತು ಕೊಟ್ಟೆ. ತಿದ್ದಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ—ನಡುವೆ ಎಲ್ಲೋ ತೂರಿಸಿದರೆ ಮೆತ್ತಗಾಗಿಬಿಡುತ್ತದೆ. ಮೆತ್ತಗೆ ಮಾಡುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ಎರಡನೇ ಮಹಾಯುದ್ಧ ಮುಗಿಯುವುದಕ್ಕೆ ಒಂದು ವರ್ಷ ಮುಂಚಿನ ಬೇಸಿಗೆ. ನಾನು ಮಂಡ್ಯದ ಹೈಸ್ಕೂಲಿನಲ್ಲಿ ಕಿರಿಯ ಉಪಾಧ್ಯಾಯ. ಪಕ್ಕದ ಗುತ್ತಲಿನಲ್ಲಿ ಒಂದು ಬಾಡಿಗೆ ಕೋಣೆ. ಮೈಸೂರಿನ ಪ್ರಾಧ್ಯಾಪಕರೊಬ್ಬರು ಆಗ ಒಂದು ಸಂಶೋಧನೆ ನಡೆಸುತ್ತಿದ್ದರು. ಪದವಿ ಪಡೆದವರು ಆಮೇಲೆ ಏನಾಗುತ್ತಾರೆ, ಮೇಲಿನ ಓದಿಗೋ ವೃತ್ತಿ ತರಬೇತಿಗೋ ಯಾರು ಹೋಗುತ್ತಾರೆ, ಹೋಗದವರು ಏಕೆ ಹೋಗುವುದಿಲ್ಲ ಎಂಬುದು ಅವರ ವಿಷಯ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಪದವೀಧರರ ಮನೆಗಳಿಗೆ ಹೋಗಿ, ಅಚ್ಚಾದ ನಾಲ್ಕು ಪುಟದ ಹಾಳೆಯಲ್ಲಿ ಅವರ ಉತ್ತರ ಬರೆದುಕೊಂಡು, ರುಜು ಹಾಕಿಸಿಕೊಂಡು ಬರುವ ಕೆಲಸ ರಜೆಯಲ್ಲಿ ನನ್ನ ಪಾಲಿಗೆ ಬಂತು.

ಐದಕ್ಕೆ ಏಳುವುದು, ಆರಕ್ಕೆ ಹೊರಡುವುದು, ಸಂಜೆ ಆರಕ್ಕೆ ಮೇಜಿನ ಮುಂದೆ. ಈ ಕ್ರಮ ಒಂದು ದಿನವೂ ತಪ್ಪಲಿಲ್ಲ. ನನ್ನ ಹಾಳೆಗಳಲ್ಲಿ ಒಂದು ಗೀಟೂ, ಒಂದು ಶಾಯಿಯ ಕಲೆಯೂ ಇರಲಿಲ್ಲ. ಉಳಿದ ತಾಲ್ಲೂಕುಗಳಲ್ಲಿ ಇದೇ ಕೆಲಸ ಮಾಡುತ್ತಿದ್ದವರ ಮುಂದೆ ಪ್ರಾಧ್ಯಾಪಕರು ನನ್ನ ಕಟ್ಟನ್ನು ಎತ್ತಿ ತೋರಿಸಿ, “ಕೆಲಸ ಎಂದರೆ ಇದು” ಎಂದಿದ್ದರು. ಆ ಮಾತು ನನ್ನ ತಲೆಗೆ—ಇರಲಿ.

ಅವರು ಒಂದು ನಿಯಮ ಹಾಕಿದ್ದರು. ಪದವೀಧರನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಬೇಕು. ಮನೆಯ ಹಿರಿಯರ ಎದುರಿಗೆ ಕೇಳಕೂಡದು. ಏಕೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಜಗಲಿಯ ಮೇಲೆ ಅಣ್ಣ ಕೂತಿರುವಾಗ ತಮ್ಮ ಎದುರು ಮಾತಾಡುವುದಿಲ್ಲ, ಬಿ.ಎಸ್ಸಿ. ಆಗಿದ್ದರೂ ಅಷ್ಟೆ. ನನಗೂ ಗೊತ್ತಿತ್ತು.

ಬೋರೇಗೌಡರದು ಮದ್ದೂರಿನ ಹತ್ತಿರ, ವೈದ್ಯನಾಥಪುರದ ಆಚೆ. ಆ ಊರಿಗೆ ಅವರೇ ಮೊದಲ ಪದವೀಧರರು. ತಂದೆಯಿಲ್ಲ, ಹತ್ತು ವರ್ಷ ದೊಡ್ಡವರಾದ ಅಣ್ಣ ಮರಿಗೌಡರೇ ಬೇಸಾಯ ಮಾಡಿ ಓದಿಸಿದ್ದರು. ನಾನು ಹೋದಾಗ ಮರಿಗೌಡರು ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು, ತಮ್ಮ ಕಂಬಕ್ಕೆ ಒರಗಿ ನಿಂತಿದ್ದರು. ಮಧ್ಯಾಹ್ನದ ಬಸ್ಸು ಹಿಡಿಯಬೇಕಾಗಿತ್ತು. ತಮ್ಮನನ್ನು ಬೇರೆ ಕರೆಯಲಿಲ್ಲ. ಅಲ್ಲೇ ಕೂತು ಓದತೊಡಗಿದೆ. ಕೊನೆಯ ಪುಟಕ್ಕೆ ಬಂದೆ.

“ಮುಂದಿನ ಓದಿಗೆ ಅಥವಾ ತರಬೇತಿಗೆ ಇಚ್ಛೆ ಇದೆಯೆ?”

“ಇಲ್ಲ ಅಂತ ಬರ್ಕಳಿ ಮೇಷ್ಟ್ರೆ,” ಎಂದರು ಮರಿಗೌಡರು, ಹಗ್ಗದಿಂದ ಕಣ್ಣೆತ್ತದೆ. “ಇಷ್ಟು ಓದಿದ್ಕೇ ಗದ್ದೆಗಿಳುದ್ರೆ ಕಾಲ್ಗೆ ಕೆಸ್ರಾಯ್ತದೆ ಅಂತಾನೆ. ಇನ್ನೂ ಓದುದ್ರೆ, ಉಣ್ಣಕ್ಕೆ ಕೂತಾಗ ಕೈಗೆ ಮುದ್ದೆ ಮೆತ್ಕತದೆ ಅಂತಾನೆ.”

ತಮ್ಮನೂ ನಕ್ಕರು. ತಲೆ ತಗ್ಗಿಸಿಯೇ ನಕ್ಕರು. ನಾನು ಅವರ ಮುಖ ನೋಡಿದೆ—ನೋಡಿದೆ ಎಂಬುದನ್ನು ಮರೆಮಾಚುವುದಿಲ್ಲ—ಮತ್ತು ‘ಇಚ್ಛೆಯಿಲ್ಲ’ ಎಂದು ಬರೆದೆ. ಅವರು ರುಜು ಹಾಕಿದರು.

ರಸ್ತೆಯವರೆಗೆ ಬಿಡಲು ಬಂದವರು ನಾಲೆಯ ಏರಿಯ ಮೇಲೆ ನಿಂತರು.

“ಸಾರ್, ಆ ಕೊನೇ ಪ್ರಶ್ನೆ... ನನಗೆ ಇಷ್ಟ ಇದೆ. ಸಕ್ಕರೆ ಕೆಮಿಸ್ಟ್ರಿ ಕಲೀಬೇಕು ಅಂತ. ಕಬ್ಬು ಬೆಳೆಯೋ ಮನೇಲಿ ಹುಟ್ಟಿ ಅದರ ಒಳಗೇನದೆ ಅಂತ ಗೊತ್ತಿಲ್ದಿದ್ರೆ ಹೆಂಗೆ? ಅಣ್ಣನ ಮುಂದೆ ಬಾಯಿ ಬರ್ನಿಲ್ಲ. ಅದೊಂದ ತಿದ್ಬುಡಿ ಸಾರ್.”

ತಿದ್ದುವುದಕ್ಕೂ ನಿಯಮವಿತ್ತು. ತಪ್ಪಾದ ಉತ್ತರಕ್ಕೆ ಒಂದು ಗೀಟು, ಪಕ್ಕದಲ್ಲಿ ಸರಿಯಾದದ್ದು, ಇಬ್ಬರ ಚಿಕ್ಕ ರುಜು. ಎರಡು ನಿಮಿಷದ ಕೆಲಸ. ನಾನು ಹೇಳಿದ್ದು ಇದು:

“ಗೀಟು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ. ಹೊಸ ಹಾಳೆಯಲ್ಲಿ ಎಲ್ಲವನ್ನೂ ನಕಲು ಮಾಡಿ ಇದನ್ನು ಸರಿಯಾಗಿ ಬರೆಯುತ್ತೇನೆ. ಖಾಲಿ ಹಾಳೆಗೆ ರುಜು ಹಾಕಿಕೊಡಿ.”

ಅವರು ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ರುಜು ಹಾಕಿದರು. ಖಾಲಿ ಹಾಳೆಗೆ. ಯಾರು ಹಾಗೆ ಹಾಕಿಕೊಡುತ್ತಾರೆ—ನಂಬಿದವರು ಮಾತ್ರ.

ಮಾರನೆಯ ದಿನ ಮಳವಳ್ಳಿಯ ಸರದಿ. ಅದರ ಮಾರನೆಯ ದಿನವೂ ಅಲ್ಲೇ. ನಕಲು ಮಾಡುವುದು ದಿನದ ಪಟ್ಟಿಯಲ್ಲಿ ಇರಲಿಲ್ಲ, ಆದ್ದರಿಂದ ಆಗಲಿಲ್ಲ. ವಾರದ ಕೊನೆಗೆ ತಾಲ್ಲೂಕುವಾರು ಕೋಷ್ಟಕ ಬರೆಯಲು ಕೂತಾಗ ಮದ್ದೂರಿನ ಹಾಳೆಗಳನ್ನು ಒಂದೊಂದಾಗಿ ತೆಗೆದು ತುಂಬಿಸಿದೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮೊತ್ತ ಬರೆದು ಮುಗಿಸಿದ ಮೇಲೆ ಕಟ್ಟಿನ ತಳದಲ್ಲಿ ಆ ಖಾಲಿ ಹಾಳೆ ಸಿಕ್ಕಿತು. ಈಗ ತಿದ್ದಿದರೆ ಇಡೀ ಕೋಷ್ಟಕವನ್ನು ಹೊಸದಾಗಿ ಬರೆಯಬೇಕು. ಮರುದಿನ ಬೆಳಿಗ್ಗೆ ಪ್ರಾಧ್ಯಾಪಕರು ರೈಲಿನಲ್ಲಿ ಬರುವವರಿದ್ದರು. ‘ಆ ಮನೆಯವರು ಹೇಗೂ ಕಳಿಸುವುದಿಲ್ಲ’ ಎಂದು ನನಗೆ ನಾನೇ ಹೇಳಿಕೊಂಡು, ರುಜುವಿದ್ದ ಹಾಳೆಯನ್ನು ನೀರೊಲೆಗೆ ಹಾಕಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಕೋಷ್ಟಕದ ಕೆಳಗೆ ಟಿಪ್ಪಣಿಗೆ ಜಾಗವಿತ್ತು. ‘ಬೇಸಾಯದ ಮನೆತನಗಳಿಂದ ಬಂದ ಪದವೀಧರರಲ್ಲಿ ಮುಂದಿನ ತರಬೇತಿಯ ಬಯಕೆ ಕಾಣಲಿಲ್ಲ’ ಎಂದು ಬರೆದೆ. ಆ ತಾಲ್ಲೂಕಿನಲ್ಲಿ ಅಂಥ ಪದವೀಧರರು ಬೆರಳೆಣಿಕೆಯಷ್ಟು. ಅವರಲ್ಲಿ ಎಷ್ಟು ಮಂದಿಯನ್ನು ನಾನು ಒಬ್ಬರನ್ನೇ ಕೂರಿಸಿ ಕೇಳಿದ್ದೆ? ನೆನಪಿಲ್ಲ ಎನ್ನಬಹುದಿತ್ತು. ನೆನಪಿದೆ. ಒಬ್ಬರನ್ನೂ ಇಲ್ಲ. ಪಟ್ಟಣದ ವಕೀಲರ, ಗುಮಾಸ್ತರ ಮಕ್ಕಳನ್ನು ಒಳಕೋಣೆಯಲ್ಲಿ ಕೂರಿಸಿಕೊಂಡು ಕೇಳಿದ್ದೆ. ಹಳ್ಳಿಯ ಜಗಲಿಯಲ್ಲಿ ಇಡೀ ಮನೆಗೆ ಒಂದೇ ಬಾಯಿ ಎಂದುಕೊಂಡಿದ್ದೆ.

ಆ ವಾಕ್ಯ ಪ್ರಾಧ್ಯಾಪಕರಿಗೆ ಮೆಚ್ಚುಗೆಯಾಯಿತು. ವರದಿಯಲ್ಲಿ ಅಚ್ಚಾಯಿತು. ಅವರ ಶಿಫಾರಸಿನಿಂದ ನನಗೆ ಬಿ.ಟಿ. ಎಂಬ ಉಪಾಧ್ಯಾಯ ತರಬೇತಿಗೆ ಸೀಟು ಸಿಕ್ಕಿತು. ಮುಂದೆ ಹೆಡ್ ಮಾಸ್ತರನಾದದ್ದು, ಇನ್‌ಸ್ಪೆಕ್ಟರನಾದದ್ದು ಎಲ್ಲ ಅದೇ ಮೆಟ್ಟಿಲಿನ ಮೇಲೆ.

ಮರುವರ್ಷ ಸರ್ಕಾರದವರು ಆ ಹಾಳೆಗಳನ್ನೇ ನೋಡಿ, ‘ಇಚ್ಛೆಯಿದೆ’ ಎಂದಿದ್ದ ವಿಜ್ಞಾನ ಪದವೀಧರರನ್ನು ಉತ್ತರ ಹಿಂದೂಸ್ತಾನದಲ್ಲಿ ಕೈಗಾರಿಕಾ ತರಬೇತಿಗೆ ಆರಿಸಲು ಕರೆದರು. ಬೋರೇಗೌಡರಿಗೆ ಕಾಗದ ಬರಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದು ಮಧ್ಯಾಹ್ನ ಸ್ಕೂಲಿಗೆ ಬಂದರು. ಮರಿಗೌಡರ ಕೈಯಲ್ಲಿ ಬಾಳೆಪಟ್ಟೆಯಲ್ಲಿ ಕಟ್ಟಿದ ಅಚ್ಚುಬೆಲ್ಲ.

“ಏನ್ ಮೇಷ್ಟ್ರೆ, ನಮ್ಮುಡ್ಗನ್ ಹಾಳೆನ ಎಮ್ಮೆ ಗಿಮ್ಮೆ ತಿಂದ್ಕತಾ?” ಎಂದು ನಗುತ್ತಲೇ ಕೇಳಿದರು. ಆಮೇಲೆ ನಗು ನಿಂತಿತು. “ಆಸೆ ಅದೆ ಅಂತ ನೀವು ಅತ್ಲಾಗ್ ಎದ್ದೋದ್ಮೇಲೆ ಯೋಳ್ದ. ಮೊದ್ಲೇ ಬಾಯ್ಬುಟ್ಟು ಅಂದಿದ್ರೆ ನಾನೇನ್ ಉಲಿಯಾ, ತಿಂದಾಕಕ್ಕೆ? ಓಗ್ಲಿ, ಕಲ್ತ್ಕಂಡ್ ಬರ್ಲಿ. ನಾಟಿ ನಾನ್ ನೋಡ್ಕತೀನಿ.”

ಬೋರೇಗೌಡರು ಅಡ್ಡ ಬಂದರು. “ಸಾರ್ ಅವತ್ತೇ ತಿದ್ದವ್ರೆ ಕಣಣ್ಣ. ನಾನೇ ರುಜು ಹಾಕ್ಕೊಟ್ಟಿವ್ನಿ.”

ಮರಿಗೌಡರು ನನ್ನನ್ನೇ ನೋಡುತ್ತಿದ್ದರು. “ಮತ್ತೆ? ಅವತ್ತು ನಾನ್ ಬ್ಯಾಡ ಅಂದ್ನಲ್ಲ—ಅದೇನಾರ ಅಡ್ಡ ಬಂತಾ ಮೇಷ್ಟ್ರೆ?”

‘ಇಲ್ಲ, ತಿದ್ದದೆ ಬಿಟ್ಟವನು ನಾನು’ ಎಂದಿದ್ದರೆ ಸಾಕಾಗಿತ್ತು. ನಾನು ಹೇಳಿದ್ದು: “ಮನೆಯ ಹಿರಿಯರ ಅಭಿಪ್ರಾಯಕ್ಕೂ ಅವರು ಬೆಲೆ ಕೊಡುತ್ತಾರೆ, ಗೌಡರೆ.”

ಮರಿಗೌಡರು ಬೆಲ್ಲವನ್ನು ಮೇಜಿನ ಮೇಲಿಟ್ಟು ಹೋದರು. ಆ ಬೆಲ್ಲವನ್ನು ನಾನು ತಿಂದೆ.

ಬೋರೇಗೌಡರು ಬೇಸಾಯಕ್ಕೇ ನಿಂತರು. ನನಗೆ ಈಗ ಎಪ್ಪತ್ತನಾಲ್ಕು. ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಡಾಕ್ಟರೇಟ್ ಪ್ರಬಂಧದ ಪ್ರತಿ ತಂದುಕೊಟ್ಟರು. ಉನ್ನತ ಶಿಕ್ಷಣದ ಚರಿತ್ರೆ. ಅದರಲ್ಲಿ ಆ ವರದಿಯಿಂದ ಎತ್ತಿಕೊಂಡ ವಾಕ್ಯವೊಂದಿತ್ತು—ನನ್ನ ವಾಕ್ಯ. ಇಷ್ಟು ವರ್ಷ ಬದುಕಿ, ಬೆಳೆದು, ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿತ್ತು. ಅವರನ್ನು ಕೂರಿಸಿ ನಡೆದದ್ದನ್ನು ಹೇಳಿ, ಅದನ್ನು ತೆಗೆಯಿರಿ ಎಂದೆ. ವರದಿಯಿರುವ ಗ್ರಂಥಾಲಯಕ್ಕೂ ರುಜು ಹಾಕಿ ಬರೆದೆ. ಮರುದಿನ ಮೊದಲ ಬಸ್ಸಿಗೆ ಮದ್ದೂರಿಗೆ ಹೊರಟೆ.

ಬೋರೇಗೌಡರು ನನ್ನ ಮಾತು ಮುಗಿಯುವವರೆಗೆ ಕೇಳಿದರು. ಕೋಪ ಬರಲಿ ಎಂದು ಕಾದೆ. ಬರಲಿಲ್ಲ; ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಅಣ್ಣ ಹೋಗಿ ಮೂರು ವರ್ಷ ಆಯ್ತು ಸಾರ್,” ಎಂದರು. “ನನ್ನ ಮಕ್ಕಳು ಏನ್ ಓದ್ಬೇಕು, ಎಲ್ಲಿ ಓದ್ಬೇಕು ಅಂತ ಕೇಳಿದ್ರೆ ಬಾಯೇ ಬಿಡ್ತಿರ್ನಿಲ್ಲ. ‘ನನ್ ಬಾಯಿ ಒಂದ್ಸಲ ಆಡಿದ್ದು ಸಾಕು ಬುಡ್ಲಾ’ ಅನ್ನೋನು. ಸಾಯೋಗಂಟ ಅಷ್ಟೇ.”

ಬಾಗಿಲ ಕಡೆ ತೋರಿಸಿದರು. “ನನಗೆ ಹೇಳಿದ್ರಿ, ಆಯ್ತು. ಅತ್ತಿಗೆ ಒಳಗವ್ರೆ. ಅವರಿಗೆ ಹೇಳಿ. ಕಿವಿ ಮಂದ, ಗಟ್ಟಿಯಾಗಿ ಹೇಳ್ಬೇಕು.”

ಒಳಗೆ ಹೋದೆ. ಮರಿಗೌಡರ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ನೆಲದ ಮೇಲೆ ಕೂತು ಹೇಳಿದೆ. ಕೇಳಿಸಲಿಲ್ಲ. ಗಂಟಲೆತ್ತಿ ಹೇಳಿದೆ—ಸೊಸೆಯರು ಬಂದು ನಿಂತರು, ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

“ಅಂಗಾರೆ ಅದು ತಪ್ಪೋಗಿದ್ದು ನಮ್ಮೆಜಮಾನ್ರು ಆಡಿದ್ಮಾತಿಂದ ಅಲ್ಲ ಅನ್ನಿ?” ಎಂದು ಕೇಳಿದರು.

“ಅಲ್ಲ ತಾಯಿ. ನನ್ನಿಂದ.”

ಅವರು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟರು. “ಇನ್ನೊಂದ್ಸಲ ಯೋಳಿ.”

ಹೇಳಿದೆ. ಈಗ ಇಲ್ಲಿ ಬರೆಯುತ್ತಿರುವುದು ಅದನ್ನೇ. ಕೇಳಿದವರಿಗೆಲ್ಲ ಇನ್ನೊಂದು ಸಲ ಹೇಳುತ್ತೇನೆ.