ಕಪ್ಪು-ಬಿಳಿಯ ಪಟ್ಟಿಗೆ ನೀಲಿ ಅಂಚು

ಬವೇರಿಯದ ಸ್ಟ್ರೌಬಿಂಗ್ ಊರಿನ ಆಫ್ರಾಳಿಗೆ ತೊಳೆಯುವ ಹುಚ್ಚು. ಮಗುವಿನ ಟೊಪ್ಪಿ ಒಣಗುವ ಮೊದಲೇ ಮತ್ತೆ ನೆನೆಹಾಕುತ್ತಿದ್ದಳು. ಅಂಥವಳ ಮನೆಗೆ, ಮೊದಲ ಮಹಾಯುದ್ಧದ ಮೂರನೆಯ ಬೇಸಿಗೆಯಲ್ಲಿ, ಗಂಡ ಕೊರ್ಬಿನಿಯನ್ ಬೆಳ್ಳಿಯ ಶೌರ್ಯಪದಕದೊಡನೆ ರಜೆಗೆ ಬಂದ. ಪದಕದ ಪಟ್ಟಿಗೆ ಕೆಸರು ಮೆತ್ತಿತ್ತು. ಸುಮ್ಮನಿರುತ್ತಾಳೆಯೇ? ಭಾನುವಾರ ಎಲ್ಲರೂ ಏಳುವ ಮೊದಲೇ ಬಿಸಿನೀರಿಗೆ ಅದ್ದಿದಳು. ಕಪ್ಪು ಬಣ್ಣ ಬಿಟ್ಟುಕೊಂಡಿತು! ಅಂಚಿನ ಬಿಳಿ-ನೀಲಿ ಗೆರೆಗಳೆಲ್ಲ ಮಸಿಯಾದವು.

ಚರ್ಚಿನ ಪೂಜೆ ಮುಗಿದೊಡನೆ ಸೈನಿಕರ ಮೆರವಣಿಗೆ. ಎಲ್ಲರ ಮುಂದೆ ಮಾವ ಆಲೊಯಿಸ್, ಪಕ್ಕದಲ್ಲಿ ಪದಕ ಧರಿಸಿದ ಮಗ. ಫ್ರಾನ್ಸಿನ ಹಳೆಯ ಯುದ್ಧದಲ್ಲಿ ಮಾವ ಗೆದ್ದದ್ದೂ ಇದೇ ಪದಕ. ರಾಜರು ಎಷ್ಟೋ ಮಂದಿ ಬಂದು ಹೋದರೂ ಅದರ ಮೇಲಿನ ಮುಖ ಮಾತ್ರ ಬವೇರಿಯದ ಮೊದಲ ರಾಜನದ್ದೇ. ಅಂಥದ್ದಕ್ಕೆ ಮಸಿ ಬಳಿದ ಸೊಸೆಯನ್ನು ಮಾವ ಬಿಟ್ಟಾರೆಯೇ!

ಓಡಿಹೋಗಿ ಗುಂಡಿ-ದಾರದ ಅಂಗಡಿಯ ಝೆಂಟಾಳ ಹಿಂಬಾಗಿಲು ಬಡಿದಳು.

"ನಮ್ಮ ಬವೇರಿಯದ ಪಟ್ಟಿ ಮುಗಿದುಹೋಯ್ತು ಕಣೇ. ಕಪ್ಪಿಗೆ ಬರೀ ಬಿಳಿ ಅಂಚಿನದ್ದಿದೆ," ಎಂದಳು ಝೆಂಟಾ.

"ಅಯ್ಯೋ, ಅದು ಪ್ರಷ್ಯದವರದ್ದು! ಅವರ ಹೆಸರೆತ್ತಿದ್ರೇನೇ ಉರಿದುಬೀಳೋ ಮಾವ ನನ್ನನ್ನ ಮನೆಯಿಂದ ಆಚೆ ಹಾಕ್ತಾರೆ!"

"ನೀಲಿ ಒಂದಿಲ್ಲ ಅಷ್ಟೇ ತಾನೇ? ಹೊಲಿ! ಅಳೋಕೆ ಆಮೇಲೆ ಟೈಮಿದೆ."

ಚರ್ಚಿನ ಗಂಟೆ ಬಡಿಯತೊಡಗಿತು. ಆಫ್ರಾ ಆಕಾಶನೀಲಿ ದಾರ ಪೋಣಿಸಿ ಹೊಲಿದಳು, ಬೆರಳು ಚುಚ್ಚಿಕೊಂಡಳು, ಮತ್ತೆ ಹೊಲಿದಳು. ಮನೆಗೆ ಓಡಿ, ಬೂಟಿನ ದಾರ ಕಟ್ಟುತ್ತಿದ್ದ ಗಂಡನನ್ನು ಎಬ್ಬಿಸಿ ನಿಲ್ಲಿಸಿ ಪದಕವನ್ನು ಎದೆಗೆ ಸಿಕ್ಕಿಸಿಯೇಬಿಟ್ಟಳು. ಪೂಜೆಯಲ್ಲಿ ಅವಳ ಬಾಯಿಗೆ ಒಂದು ಪ್ರಾರ್ಥನೆಯೂ ಬರಲಿಲ್ಲ.

ಹೊರಗೆ ಸಾಲು ನಿಂತಿತು. ಡೋಲಿನವನು ಕೋಲೆತ್ತಿದ್ದ. ಮಾವ ಮಗನ ಎದೆಗೆ ಬಾಗಿದರು.

"ಇದೇನೋ, ನೀಲಿ ಉಬ್ಬಿಕೊಂಡಿದೆ?"

"ನಂಗೇನು ಗೊತ್ತಪ್ಪ?" ಎಂದ ಕೊರ್ಬಿನಿಯನ್.

ಆಫ್ರಾಳಿಗೆ ತಡೆಯಲಾಗಲಿಲ್ಲ. "ನಾನೇ ಮಾವ! ತೊಳೆದು ಹಾಳು ಮಾಡಿದೆ. ಅದು ಪ್ರಷ್ಯದ ಪಟ್ಟಿ. ನೀಲಿ ಮಾತ್ರ ನಂದು."

ಮಾವ ಸೊಸೆಯತ್ತ ತಿರುಗಿದರು.

"ಪ್ರಷ್ಯದವರಿಗೆ ಸೂಜಿ ಚುಚ್ಚಿದೆಯಾ?"

"ಹೂಂ ಮಾವ. ಎರಡೂ ಕಡೆ."

ಮುದುಕನ ಮೀಸೆ ಅದುರಿತು. "ಕೇಳಿದ್ರೇನ್ರೋ! ಅರವತ್ತಾರರ ಲಡಾಯೀಲಿ ಪ್ರಷ್ಯದವರು ನಮ್ಮ ಇಡೀ ದಂಡನ್ನ ಓಡಿಸಿದ್ರು. ಅವರಿಗೆ ಎರಡೂ ಕಡೆಯಿಂದ ಚುಚ್ಚೋಕೆ ನನ್ನ ಸೊಸೇನೇ ಬರಬೇಕಾಯ್ತು!"

ನಗು ಚೌಕದ ತುಂಬ ಸಿಡಿಯಿತು. ಡೋಲಿಗೆ ಪೆಟ್ಟು ಬಿತ್ತು. ಆಫ್ರಾ ಮಗುವನ್ನು ಅವಚಿಕೊಂಡು ಸಾಲಿನ ಪಕ್ಕದಲ್ಲೇ ಓಡಿದಳು. ಮಾವ ದಾರಿಯುದ್ದಕ್ಕೂ ಮಗನ ಎದೆ ತೋರಿಸಿ, ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಕೂಗಿ ಹೇಳುತ್ತಿದ್ದರು.